ಆದೇಶ ಹೊರಡಿಸಿದ ಮೇಲೆ ಏನು? ಶಿಕ್ಷಕರನ್ನು ಕೃಷಿ ಪಟ್ಟಣಗಳಿಗೆ ಕಳುಹಿಸುವವರಿಗೆ ಒಂದು ಬಹಿರಂಗ ಪತ್ರ

ಶಿಕ್ಷಕರ ನೇಮಕಾತಿ, ಸ್ಥಳನಿಯುಕ್ತಿ ಮತ್ತು ವರ್ಗಾವಣೆಯ ಅಧಿಕಾರ ಹೊಂದಿರುವ ಎಲ್ಲ ಶಿಕ್ಷಣಾಧಿಕಾರಿಗಳಿಗೆ,

ವಿಷಯ: ಗ್ರಾಮೀಣ ಕೃಷಿ ಪಟ್ಟಣಗಳ ಶಾಲೆಗಳಿಗೆ ಹೊಸದಾಗಿ ಬರುವ ಶಿಕ್ಷಕರ ಮೊದಲ ವರ್ಷದ ಹೊಣೆಯನ್ನು ಇಲಾಖೆಯೇ ಹೊರಬೇಕೆಂಬ ಮನವಿ.

ಮಾನ್ಯರೇ,

ನಗರದ ದೊಡ್ಡ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದ ನಾನು ಕೆಲವು ವರ್ಷಗಳ ಹಿಂದೆ ಬೇಸಾಯವನ್ನೇ ನೆಚ್ಚಿಕೊಂಡಿರುವ ಸಣ್ಣ ಪಟ್ಟಣವೊಂದರ ಶಾಲೆಗೆ ಬಂದು ಸೇರಿದೆ. ಯಾರೂ ನನ್ನನ್ನು ಬಲವಂತದಿಂದ ಕಳುಹಿಸಲಿಲ್ಲ. ಸ್ಥಳದ ಆಯ್ಕೆಯಲ್ಲಿ ಆ ಊರನ್ನು ನಾನೇ ಕೇಳಿಕೊಂಡಿದ್ದೆ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹಳ್ಳಿಯ ಕಡೆಯ ಶಾಲೆಯಿಂದ ಶಿಕ್ಷಕರ ಪತ್ರವೊಂದು ಬಂದರೆ ಅದರ ಕೊನೆಯಲ್ಲಿ ವರ್ಗಾವಣೆಯ ಕೋರಿಕೆ ಇದ್ದೇ ಇರುತ್ತದೆ ಎಂಬ ಎಣಿಕೆಯಿಂದಲೇ ನಿಮ್ಮ ಕಚೇರಿಗಳು ಅದನ್ನು ಓದತೊಡಗುತ್ತವೆ. ಈ ಪತ್ರದಲ್ಲಿ ಅಂಥ ಕೋರಿಕೆ ಇಲ್ಲ. ನಾನು ಇಲ್ಲಿಯೇ ಉಳಿಯಬೇಕೆಂದುಕೊಂಡಿದ್ದೇನೆ. ಆದರೆ ಹೀಗೆ ಉಳಿಯಬೇಕೆಂದುಕೊಂಡೇ ಬಂದ ಸಹೋದ್ಯೋಗಿಗಳು ಒಬ್ಬರ ಹಿಂದೆ ಒಬ್ಬರು ಹೊರಟುಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರು ಹೋದದ್ದಕ್ಕೆ ಊರು ಕಾರಣವಲ್ಲ, ಮಕ್ಕಳಂತೂ ಅಲ್ಲವೇ ಅಲ್ಲ. ಆದೇಶಕ್ಕೆ ಸಹಿ ಬಿದ್ದ ಗಳಿಗೆಗೆ ತನ್ನ ಹೊಣೆ ತೀರಿತೆಂದು ತಿಳಿಯುವ ಆಡಳಿತದ ರೂಢಿಯೇ ಕಾರಣವೆಂಬುದು ನನ್ನ ಖಚಿತ ಅಭಿಪ್ರಾಯ. ಆ ಅಭಿಪ್ರಾಯಕ್ಕೆ ಏನು ಆಧಾರ ಎಂಬುದನ್ನು ನಿಮ್ಮ ಮುಂದೆಯೂ ಸಾರ್ವಜನಿಕರ ಮುಂದೆಯೂ ಇಡುತ್ತಿದ್ದೇನೆ.

ಆದೇಶದಿಂದಲೇ ಆರಂಭಿಸುತ್ತೇನೆ. ನನಗೆ ಬಂದ ಆದೇಶದಲ್ಲಿ ಶಾಲೆಯ ಹೆಸರಿತ್ತು, ಕರ್ತವ್ಯಕ್ಕೆ ಹಾಜರಾಗಬೇಕಾದ ದಿನಾಂಕವಿತ್ತು, ಹಾಜರಾಗದಿದ್ದರೆ ಏನು ಕ್ರಮ ಜರುಗಿಸಲಾಗುವುದು ಎಂಬ ಎಚ್ಚರಿಕೆಯೂ ಇತ್ತು. ಯಾವ ತರಗತಿಗಳಿಗೆ ಪಾಠ ಮಾಡಬೇಕು, ನನ್ನ ವಿಷಯವಲ್ಲದೆ ಇನ್ಯಾವ ವಿಷಯಗಳು ನನ್ನ ಪಾಲಿಗೆ ಬರಲಿವೆ, ಊರಿನಲ್ಲಿ ವಾಸಕ್ಕೆ ಮನೆ ಸಿಗುತ್ತದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ನನಗಿಂತ ಮೊದಲು ಆ ಹುದ್ದೆಯಲ್ಲಿ ಯಾರಿದ್ದರು, ಅವರೊಡನೆ ಮಾತನಾಡಲು ಸಾಧ್ಯವೇ ಎಂಬ ಯಾವ ಮಾಹಿತಿಯೂ ಇರಲಿಲ್ಲ. ಕಚೇರಿಗೆ ದೂರವಾಣಿ ಮಾಡಿ ಕೇಳಿದಾಗ, ಅಲ್ಲಿಗೆ ಹೋದ ಮೇಲೆ ಎಲ್ಲ ತಿಳಿಯುತ್ತದೆ ಎಂದರು. ಅವರು ಒರಟಾಗಿ ಹೇಳಲಿಲ್ಲ. ಅವರಿಗೂ ನಿಜವಾಗಿಯೇ ಗೊತ್ತಿರಲಿಲ್ಲ. ಒಂದು ಕುಟುಂಬವನ್ನು ಬೇರು ಸಮೇತ ಕಿತ್ತು ಇನ್ನೊಂದು ಕಡೆ ನೆಡುವ ನಿರ್ಧಾರ ಕೈಗೊಳ್ಳುವ ಕಚೇರಿಗೆ ಆ ನೆಲದ ಬಗ್ಗೆ ಏನೇನೂ ಗೊತ್ತಿಲ್ಲದಿರುವುದು ಒಬ್ಬ ಗುಮಾಸ್ತರ ತಪ್ಪಲ್ಲ. ಆ ಮಾಹಿತಿಯನ್ನು ಕಲೆಹಾಕುವುದು ಯಾರ ಕೆಲಸವೆಂದೂ ಗೊತ್ತುಮಾಡದಿರುವ ವ್ಯವಸ್ಥೆಯ ತಪ್ಪು.

ಎಲ್ಲಕ್ಕಿಂತ ಮೊದಲ ತೊಡಕು ಮನೆಯದು. ನಗರದಲ್ಲಿ ಕುಳಿತವರಿಗೆ ಹಳ್ಳಿಯ ಕಡೆ ಮನೆಗೇನು ಬರ, ಬಾಡಿಗೆಯೂ ಕಡಿಮೆಯಲ್ಲವೇ ಎಂದು ಅನ್ನಿಸುತ್ತದೆ. ಬಾಡಿಗೆ ಕಡಿಮೆ ಎಂಬುದು ನಿಜ; ಬಾಡಿಗೆಗೆ ಮನೆಗಳೇ ಇಲ್ಲವೆಂಬುದು ಅದಕ್ಕಿಂತ ದೊಡ್ಡ ನಿಜ. ಕೃಷಿ ಪಟ್ಟಣದಲ್ಲಿ ಮನೆಯೆಂದರೆ ಅವರವರು ತಮ್ಮ ವಾಸಕ್ಕೆ, ತಮ್ಮ ದನಕರುಗಳಿಗೆ, ತಮ್ಮ ಫಸಲಿನ ದಾಸ್ತಾನಿಗೆ ಕಟ್ಟಿಕೊಂಡದ್ದು. ಇರುವ ನಾಲ್ಕಾರು ಬಾಡಿಗೆ ಕೊಠಡಿಗಳು ಕೊಯ್ಲಿನ ಕಾಲಕ್ಕೆ ಹೊರಗಿನಿಂದ ಬರುವ ಕೂಲಿಯವರಿಗೋ ಫಸಲು ಕೊಳ್ಳಲು ಬರುವ ವ್ಯಾಪಾರಿಗಳಿಗೋ ಮೊದಲೇ ಗೊತ್ತಾಗಿರುತ್ತವೆ. ಹೀಗಾಗಿ ಹೊಸದಾಗಿ ಬಂದ ಶಿಕ್ಷಕರು ಮೊದಲ ತಿಂಗಳುಗಳನ್ನು ಯಾರದೋ ಮನೆಯ ಹೊರಕೋಣೆಯಲ್ಲಿ, ಸಾಮಾನುಗಳ ಗಂಟು ಬಿಚ್ಚದೆ ಕಳೆಯುತ್ತಾರೆ. ಒಂಟಿ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು, ಅವರಿಗೆ ಕೋಣೆ ಸಿಕ್ಕರಷ್ಟೇ ಸಾಲದು, ಬಾಗಿಲಿಗೆ ಸರಿಯಾದ ಚಿಲಕವಿರಬೇಕು, ಶೌಚಾಲಯ ಹೊರಗಿರಬಾರದು, ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ದೀಪವಿರಬೇಕು. ನಮ್ಮ ಶಾಲೆಗೆ ಬಂದಿದ್ದ ಒಬ್ಬ ಯುವ ಶಿಕ್ಷಕಿ, ಗಣಿತವನ್ನು ಮಕ್ಕಳು ಆಟವೆಂದು ತಿಳಿಯುವಂತೆ ಕಲಿಸುತ್ತಿದ್ದವರು, ಊರಿನಲ್ಲಿ ತಕ್ಕ ಮನೆ ಸಿಗದೆ ದೂರದ ನಗರದಿಂದ ದಿನವೂ ಓಡಾಡತೊಡಗಿದರು. ಬೆಳಗಿನ ಬಸ್ಸು ತಪ್ಪಿದ ದಿನ ಮೊದಲ ಅವಧಿ ಹೋಯಿತು. ಸಂಜೆಯ ಬಸ್ಸಿಗಾಗಿ ಕೊನೆಯ ಅವಧಿ ಮೊಟಕಾಯಿತು. ಸಮಯಪಾಲನೆ ಇಲ್ಲವೆಂದು ನೋಟಿಸು ಬಂತು. ವರ್ಷ ತುಂಬುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಕಡತದಲ್ಲಿ ಅದು ವೈಯಕ್ತಿಕ ಕಾರಣ ಎಂದು ದಾಖಲಾಗಿದೆ.

ಇದೇನೂ ಯಾರಿಗೂ ಹೊಳೆಯದ ಸಮಸ್ಯೆಯಲ್ಲ. 1966ರ ಅಕ್ಟೋಬರ್ 5ರಂದು ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು ಸೇರಿ ಶಿಕ್ಷಕರ ಸ್ಥಾನಮಾನದ ಕುರಿತು ರೂಪಿಸಿದ ಶಿಫಾರಸು ಅಂಗೀಕಾರವಾಯಿತು. ಆ ದಿನದ ನೆನಪಿಗೆಂದೇ 1994ರಿಂದ ವಿಶ್ವ ಶಿಕ್ಷಕರ ದಿನವನ್ನು ಆಚರಿಸಲಾಗುತ್ತಿದೆ. ಆಚರಣೆಯ ದಿನ ನಮಗೆ ಹಾರವೂ ಭಾಷಣವೂ ಸಿಗುತ್ತವೆ. ಆ ದಾಖಲೆಯಲ್ಲಿ ಏನು ಬರೆದಿದೆ ಎಂಬುದನ್ನು ಮಾತ್ರ ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಜನವಸತಿ ಕೇಂದ್ರಗಳಿಂದ ದೂರವಿರುವ ಕಡೆ ಕೆಲಸ ಮಾಡುವ ಶಿಕ್ಷಕರಿಗೂ ಅವರ ಕುಟುಂಬಕ್ಕೂ ಯೋಗ್ಯವಾದ ವಸತಿಯನ್ನು, ಸಾಧ್ಯವಾದರೆ ಉಚಿತವಾಗಿ ಇಲ್ಲವೇ ರಿಯಾಯಿತಿ ಬಾಡಿಗೆಗೆ ಒದಗಿಸಬೇಕೆಂದು ಅದು ಹೇಳುತ್ತದೆ. ಅಂಥ ಕಡೆಗೆ ನೇಮಕವಾದಾಗ ಅಥವಾ ವರ್ಗವಾದಾಗ ಇಡೀ ಕುಟುಂಬದ ಸ್ಥಳಾಂತರದ ಮತ್ತು ಪ್ರಯಾಣದ ವೆಚ್ಚವನ್ನು ಭರಿಸಬೇಕೆಂದು ಹೇಳುತ್ತದೆ. ವಿಶೇಷ ಕಷ್ಟಗಳಿಗೆ ಕೊಡುವ ಭತ್ಯೆಯನ್ನು ಪಿಂಚಣಿಯ ಲೆಕ್ಕಕ್ಕೂ ಹಿಡಿಯಬೇಕೆಂದು ಹೇಳುತ್ತದೆ. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಗ್ರಾಮೀಣ ಶಾಲೆಗಳ ಶಿಕ್ಷಕರಿಗೆ ಶಾಲೆಯ ಆವರಣದಲ್ಲಿ ಅಥವಾ ಹತ್ತಿರದಲ್ಲಿ ವಸತಿ, ಇಲ್ಲವಾದರೆ ಹೆಚ್ಚಿನ ವಸತಿ ಭತ್ಯೆ ಎಂಬ ಮಾತನ್ನು ಆಡಿದೆ. ಮಾತಿಗೇನೂ ಕೊರತೆಯಿಲ್ಲ, ಮಾನ್ಯರೇ. ಕೊರತೆ ಇರುವುದು ಬೀಗದ ಕೈಗೆ.

ಮನೆಯ ವಿಚಾರ ಹೇಗೋ ಸುಧಾರಿಸಿಕೊಳ್ಳಬಹುದೆಂದು ಇಟ್ಟುಕೊಳ್ಳೋಣ. ಶಾಲೆಯ ಒಳಗೆ ಕಾಲಿಟ್ಟಾಗ ಎದುರಾಗುವ ಶೂನ್ಯದ ಬಗ್ಗೆ ಇಲಾಖೆ ಯೋಚಿಸಿಯೇ ಇಲ್ಲವೆಂದು ನನ್ನ ಆಕ್ಷೇಪ. ನಾನು ಕರ್ತವ್ಯಕ್ಕೆ ಹಾಜರಾದ ದಿನ ಪ್ರಭಾರದ ಪಟ್ಟಿಯೊಂದನ್ನು ಮುಂದಿಟ್ಟರು. ಬೆಂಚುಗಳು, ಕುರ್ಚಿಗಳು, ಭೂಪಟಗಳು, ಪ್ರಯೋಗಾಲಯದ ಗಾಜಿನ ಸಾಮಾನು, ಕಪಾಟಿನ ಕೀಲಿ, ಮುರಿದುಹೋದ ತಕ್ಕಡಿ ಎಲ್ಲವನ್ನೂ ಎಣಿಸಿ ಒಪ್ಪಿಸಿಕೊಂಡು ಸಹಿ ಹಾಕಿದೆ. ಮಕ್ಕಳನ್ನು ಯಾರೂ ಒಪ್ಪಿಸಲಿಲ್ಲ. ಯಾರಿಗೆ ಓದಲು ಬರುತ್ತದೆ ಆದರೆ ಬರೆಯಲು ಬರುವುದಿಲ್ಲ, ಯಾವ ಹುಡುಗನಿಗೆ ಹಿಂದಿನ ಬೆಂಚಿನಿಂದ ಹಲಗೆ ಕಾಣುವುದಿಲ್ಲ, ಯಾವ ಹುಡುಗಿ ತಮ್ಮಂದಿರನ್ನು ನೋಡಿಕೊಳ್ಳಲು ಮಧ್ಯಾಹ್ನ ಮನೆಗೆ ಓಡುತ್ತಾಳೆ, ಯಾವ ಮನೆಯವರು ಈ ವರ್ಷ ಜಮೀನು ಗೇಣಿಗೆ ಕೊಟ್ಟು ಕೂಲಿಗೆ ಇಳಿದಿದ್ದಾರೆ ಎಂಬುದೆಲ್ಲ ನನಗಿಂತ ಹಿಂದಿದ್ದವರ ತಲೆಯಲ್ಲಿತ್ತು. ಅವರನ್ನು ನಾನು ಬರುವ ಮೊದಲೇ ಬಿಡುಗಡೆ ಮಾಡಿ ಕಳುಹಿಸಲಾಗಿತ್ತು. ಅವರು ಗಳಿಸಿದ್ದ ತಿಳಿವಳಿಕೆಯೆಲ್ಲ ಅವರ ಜೊತೆಗೇ ಬಸ್ಸು ಹತ್ತಿತು. ನಾನು ಅದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ನನಗೆ ಅದು ಅರ್ಥವಾಗತೊಡಗುವ ಹೊತ್ತಿಗೆ ಶೈಕ್ಷಣಿಕ ವರ್ಷ ಮುಗಿಯುತ್ತ ಬಂದಿತ್ತು. ನಿಮ್ಮ ಇಲಾಖೆಯಲ್ಲಿ ಮುರಿದ ತಕ್ಕಡಿಗಿರುವ ಲೆಕ್ಕ ಓದಲು ತೊಡಕುವ ಮಗುವಿಗೆ ಇಲ್ಲವೆಂದು ನಾನು ಬರೆದರೆ ಅದನ್ನು ಉತ್ಪ್ರೇಕ್ಷೆಯೆಂದು ದಯವಿಟ್ಟು ತಳ್ಳಿಹಾಕಬೇಡಿ. ಪ್ರಭಾರದ ಪಟ್ಟಿಯ ನಮೂನೆಯನ್ನು ತರಿಸಿಕೊಂಡು ಒಮ್ಮೆ ನೋಡಿ.

ಭಾಷೆಯ ಮಾತೂ ಇದೆ. ಒಂದೇ ಭಾಷೆಯನ್ನಾಡುವ ನಾಡಿನಲ್ಲಿಯೂ ನಗರದ ಶಿಕ್ಷಕರ ಮಾತು ಊರಿನ ಮಗುವಿನ ಮಾತಿಗಿಂತ ಬೇರೆಯಾಗಿರುತ್ತದೆ. ಬೆಳೆ, ಮಣ್ಣು, ಕಳೆ, ಉಪಕರಣಗಳಿಗೆ ಮಕ್ಕಳು ಬಳಸುವ ಹೆಸರುಗಳು ನಮ್ಮ ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ಆರು ತಿಂಗಳು ಕಿವಿಗೊಟ್ಟರೆ ಇದು ತಾನಾಗಿ ಸರಿಹೋಗುತ್ತದೆ, ಆದ್ದರಿಂದ ಅದನ್ನು ಹೆಚ್ಚು ಬೆಳೆಸುವುದಿಲ್ಲ. ಕಿವಿಗೊಡುವಷ್ಟು ಕಾಲ ಶಿಕ್ಷಕರು ಅಲ್ಲಿರಬೇಕು ಎಂಬುದಷ್ಟೇ ಷರತ್ತು.

ಇನ್ನು ಹಾಜರಾತಿ. ಕೃಷಿ ಪಟ್ಟಣದ ಶಾಲೆಗೆ ಬಂದವರು ಮೊದಲ ವರ್ಷ ತಪ್ಪದೆ ಗಾಬರಿಯಾಗುವುದು ತುಂಬಿದ್ದ ತರಗತಿ ಇದ್ದಕ್ಕಿದ್ದಂತೆ ಅರ್ಧ ಖಾಲಿಯಾದಾಗ. ಬಿತ್ತನೆ, ಕಳೆ ಕೀಳುವ ಕೆಲಸ, ಕೊಯ್ಲು, ಒಕ್ಕಣೆ ಇವುಗಳಲ್ಲಿ ಒಂದೊಂದಕ್ಕೂ ಮನೆಯ ಎಲ್ಲ ಕೈಗಳೂ ಬೇಕು; ಮಳೆ ಬರುವ ಮುನ್ನ ಫಸಲು ಒಳಗಾಗಬೇಕಾದ ವಾರದಲ್ಲಿ ಯಾವ ತಂದೆಯೂ ತಾಯಿಯೂ ನಮ್ಮ ವೇಳಾಪಟ್ಟಿಯನ್ನು ನೋಡಿಕೊಂಡು ಕೂರುವುದಿಲ್ಲ. ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ದುಡಿಮೆಗೆ ಬಿದ್ದು ಶಾಲೆಯನ್ನೇ ಕಳೆದುಕೊಳ್ಳುವ ಮಗು ಒಂದು ಕಡೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ 2025ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2024ರಲ್ಲಿ ಜಗತ್ತಿನಲ್ಲಿ ಸುಮಾರು 13.8 ಕೋಟಿ ಮಕ್ಕಳು ಬಾಲಕಾರ್ಮಿಕರಾಗಿದ್ದರು, ಅವರಲ್ಲಿ ಶೇ. 61ರಷ್ಟು ಮಂದಿ ಕೃಷಿಯಲ್ಲಿದ್ದರು. ಕಾರ್ಖಾನೆಗಿಂತ ಹೊಲವೇ ಹೆಚ್ಚು ಮಕ್ಕಳನ್ನು ದುಡಿಸುತ್ತದೆ ಎಂಬುದನ್ನು ನಾವು ಶಿಕ್ಷಕರು ಮರೆಯುವಂತಿಲ್ಲ. ಇನ್ನೊಂದು ಕಡೆ, ಸುಗ್ಗಿಯ ಕೆಲವು ದಿನ ಅಪ್ಪ ಅಮ್ಮನ ಜೊತೆ ಹೊಲದಲ್ಲಿದ್ದು ಮತ್ತೆ ಪುಸ್ತಕ ಹಿಡಿದು ಬರುವ ಮಗು. ಇವೆರಡನ್ನೂ ಒಂದೇ ಕೆಂಪು ಗೆರೆಯಿಂದ ಗೈರುಹಾಜರಿ ಎಂದು ಗುರುತಿಸುವ ಪುಸ್ತಕದಿಂದ ಮೊದಲನೆಯ ಮಗುವನ್ನು ಪತ್ತೆ ಮಾಡುವುದೂ ಸಾಧ್ಯವಾಗುವುದಿಲ್ಲ, ಎರಡನೆಯ ಮಗುವಿಗೆ ತಪ್ಪಿದ ಪಾಠ ಕಲಿಸುವುದೂ ಆಗುವುದಿಲ್ಲ.

ಶಾಲೆಯ ಕ್ಯಾಲೆಂಡರನ್ನು ನೆಲಕ್ಕೆ ಹೊಂದಿಸುವುದು ಅಸಾಧ್ಯವೇನಲ್ಲ. ಅಮೆರಿಕದ ಮೇಯ್ನ್ ರಾಜ್ಯದ ಅರೂಸ್ಟೂಕ್ ಕೌಂಟಿಯಲ್ಲಿ ಶಾಲೆಗಳು ಆಗಸ್ಟಿನಲ್ಲಿಯೇ ಆರಂಭವಾಗಿ ಆಲೂಗಡ್ಡೆಯ ಕೊಯ್ಲಿನ ಕಾಲಕ್ಕೆ ಬಿಡುವು ಕೊಡುವ ಪದ್ಧತಿ ತಲೆಮಾರುಗಳಿಂದ ಬಂದಿದೆ. ಸ್ಕಾಟ್ಲೆಂಡಿನಲ್ಲಿ ಅಕ್ಟೋಬರಿನ ಶಾಲಾ ರಜೆಯನ್ನು ಜನ ಇಂದಿಗೂ ಆಲೂಗಡ್ಡೆಯ ರಜೆ ಎಂದೇ ಕರೆಯುತ್ತಾರೆ, ಮಕ್ಕಳು ಆಲೂಗಡ್ಡೆ ಆರಿಸಲು ಹೋಗುತ್ತಿದ್ದ ಕಾಲದ ಹೆಸರು ಅದು. ಯಂತ್ರಗಳು ಬಂದ ಮೇಲೆ ಅಲ್ಲಿ ಮಕ್ಕಳ ಕೆಲಸ ಕಡಿಮೆಯಾಯಿತು. ಆ ಮಟ್ಟಿಗೆ ರಜೆಯ ಅಗತ್ಯವೂ ಚರ್ಚೆಗೆ ಬಂದಿದೆ, ಬರಬೇಕಾದದ್ದೇ. ನಾನು ಮಕ್ಕಳನ್ನು ದುಡಿಮೆಗೆ ಬಿಟ್ಟುಕೊಡಿ ಎಂದು ಕೇಳುತ್ತಿಲ್ಲ. ಪರೀಕ್ಷೆಯನ್ನು ಕೊಯ್ಲಿನ ವಾರದ ಮೇಲೆ ತಂದು ಹೇರಬೇಡಿ, ಆ ವಾರದ ನಂತರ ತಪ್ಪಿದ್ದನ್ನು ಕಲಿಸಲು ದಿನಗಳನ್ನು ಮೀಸಲಿಡಿ, ಹಾಗೂ ಆ ದಿನಗಳನ್ನು ನಿಮ್ಮ ಕಚೇರಿಯಲ್ಲಿ ಅಲ್ಲ, ಊರಿನವರೊಡನೆ ಕುಳಿತು ಗೊತ್ತುಮಾಡುವ ಅಧಿಕಾರವನ್ನು ಶಾಲೆಗೆ ಕೊಡಿ ಎಂದು ಕೇಳುತ್ತಿದ್ದೇನೆ. ಹಾಜರಾತಿಯ ಶೇಕಡಾವಾರು ಕುಸಿದದ್ದಕ್ಕೆ ಪ್ರತಿ ಸುಗ್ಗಿಯಲ್ಲಿ ನಮ್ಮಿಂದ ವಿವರಣೆ ಕೇಳಿ ಪತ್ರ ಬರುತ್ತದೆ, ನಾವು ಪ್ರತಿ ಸುಗ್ಗಿಯಲ್ಲಿ ಅದೇ ವಿವರಣೆಯನ್ನು ಬರೆದು ಕಳುಹಿಸುತ್ತೇವೆ. ಈ ವ್ಯವಹಾರದಿಂದ ಅಂಚೆಯ ಹೊರತು ಬೇರೆ ಯಾರಿಗೂ ಲಾಭವಾಗಿಲ್ಲ.

ನಗರದ ಶಾಲೆಯಲ್ಲಿ ಒಂದು ವಿಷಯ, ಒಂದು ತರಗತಿ, ಒಂದು ಗಂಟೆ ಎಂಬ ಕ್ರಮಕ್ಕೆ ಒಗ್ಗಿಕೊಂಡವರಿಗೆ ಸಣ್ಣ ಊರಿನ ಶಾಲೆಯ ಕೆಲಸ ಬೇರೆಯದೇ ವೃತ್ತಿಯಂತೆ ಕಾಣುತ್ತದೆ. ಭಾಷೆಯ ಶಿಕ್ಷಕರು ಸಮಾಜವಿಜ್ಞಾನವನ್ನೂ, ವಿಜ್ಞಾನದವರು ಗಣಿತವನ್ನೂ ಕಲಿಸುವುದು ಇಲ್ಲಿ ಮಾಮೂಲು. ಕೆಳಗಿನ ತರಗತಿಗಳಲ್ಲಿ ಒಬ್ಬರೇ ಶಿಕ್ಷಕರು ಬೇರೆಬೇರೆ ವಯಸ್ಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸಬೇಕು. ಇದು ತನ್ನಷ್ಟಕ್ಕೆ ಕೆಟ್ಟದ್ದೆಂದು ನಾನು ಹೇಳಲಾರೆ. ಕೊಲಂಬಿಯಾದಲ್ಲಿ 1975ರ ಸುಮಾರಿಗೆ ವಿಕಿ ಕೋಲ್ಬರ್ಟ್ ಮತ್ತು ಅವರ ಸಂಗಡಿಗರು ಗ್ರಾಮೀಣ ಬಹುವರ್ಗ ಶಾಲೆಗಳಿಗೆಂದೇ ರೂಪಿಸಿದ ಎಸ್ಕ್ವೇಲಾ ನ್ಯೂವಾ ವಿಧಾನದಲ್ಲಿ ಮಕ್ಕಳು ಸ್ವಕಲಿಕೆಯ ಕೈಪಿಡಿಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಮುಂದುವರಿಯುತ್ತಾರೆ, ಕೆಲವು ದಿನ ಶಾಲೆ ತಪ್ಪಿಸಿಕೊಂಡ ಮಗು ಬಿಟ್ಟ ಜಾಗದಿಂದಲೇ ಮತ್ತೆ ಹಿಡಿಯಬಹುದು. ಕೃಷಿಯ ಊರಿಗೆ ಇದಕ್ಕಿಂತ ಹೊಂದುವ ಏರ್ಪಾಡು ಬೇರೆ ಯಾವುದಿದೆ? ಆದರೆ ಆ ವಿಧಾನದ ಹಿಂದೆ ಸಿದ್ಧಪಡಿಸಿದ ಕೈಪಿಡಿಗಳಿದ್ದವು, ತರಬೇತಿಯಿತ್ತು, ಒಬ್ಬ ಶಿಕ್ಷಕರು ಇನ್ನೊಬ್ಬರ ಶಾಲೆಗೆ ಹೋಗಿ ನೋಡಿ ಕಲಿಯುವ ಅವಕಾಶವಿತ್ತು. ನಮಗೆ ತರಬೇತಿ ಕೊಟ್ಟದ್ದು ಒಂದು ತರಗತಿಗೆ ಒಬ್ಬ ಶಿಕ್ಷಕರಿರುವ ಶಾಲೆಗಾಗಿ, ಕಳುಹಿಸಿದ್ದು ಹಾಗಿಲ್ಲದ ಶಾಲೆಗೆ. ಅದರ ಮೇಲೆ ಅಂಕಿಅಂಶ ತುಂಬುವುದು, ಸಮೀಕ್ಷೆ, ಸಭೆ, ವರದಿ. ಸಿಬ್ಬಂದಿ ಕಡಿಮೆಯಿರುವ ಶಾಲೆಯಲ್ಲಿ ಒಬ್ಬರು ವರದಿ ಬರೆಯಲು ಕುಳಿತರೆ ಎರಡು ತರಗತಿಗಳು ಶಿಕ್ಷಕರಿಲ್ಲದೆ ಕೂರುತ್ತವೆ.

ಇಷ್ಟೆಲ್ಲವನ್ನೂ ದಾಟಿ ಯಾರಾದರೂ ಎರಡನೆಯ ವರ್ಷಕ್ಕೆ ಕಾಲಿಟ್ಟರೆ ಆಗ ಅವರು ನಿಜವಾಗಿ ಉಪಯೋಗಕ್ಕೆ ಬರುತ್ತಾರೆ. ನಮ್ಮ ಅಂದಾಜಿನ ದೋಷವಿರುವುದು ಇಲ್ಲಿಯೇ. ಖಾಲಿ ಹುದ್ದೆ ಭರ್ತಿಯಾಗಿದೆಯೇ ಇಲ್ಲವೇ ಎಂದಷ್ಟೇ ನಿಮ್ಮ ತಖ್ತೆ ಕೇಳುತ್ತದೆ. ಅದೇ ಹುದ್ದೆ ಐದು ವರ್ಷಗಳಲ್ಲಿ ಎಷ್ಟು ಮಂದಿಯ ಕೈ ದಾಟಿತೆಂದು ಕೇಳುವುದಿಲ್ಲ. ನ್ಯೂಯಾರ್ಕ್ ನಗರದ ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳ ಎಂಟು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ರಾನ್‌ಫೆಲ್ಟ್, ಲೋಬ್ ಮತ್ತು ವೈಕಾಫ್ ಅವರ ಅಧ್ಯಯನ, ಶಿಕ್ಷಕರು ಹೆಚ್ಚಾಗಿ ಬದಲಾಗುವ ತರಗತಿಗಳಲ್ಲಿ ಮಕ್ಕಳ ಭಾಷೆ ಮತ್ತು ಗಣಿತದ ಅಂಕಗಳು ಇಳಿಯುತ್ತವೆಂದು ತೋರಿಸಿತು. ತಮ್ಮ ಶಿಕ್ಷಕರು ಬಿಟ್ಟುಹೋಗದ ಮಕ್ಕಳ ಮೇಲೂ ಅಕ್ಕಪಕ್ಕದ ಬದಲಾವಣೆಯ ಪೆಟ್ಟು ಬೀಳುತ್ತದೆಂಬುದು ಅದರ ಗಮನಾರ್ಹ ಅಂಶ. ಅದು ಮಹಾನಗರದ ಮಾತು. ಒಬ್ಬರು ಹೋದರೆ ಇನ್ನೊಬ್ಬರು ಸುಲಭವಾಗಿ ಸಿಗುವ ಜಾಗ. ಕೆಲವೇ ಶಿಕ್ಷಕರಿರುವ ಊರಿನ ಶಾಲೆಯಲ್ಲಿ ಒಬ್ಬರು ಹೊರಟರೆ ಆ ವಿಷಯವೇ ಊರಿನಿಂದ ಹೊರಟಂತೆ. ಪೋಷಕರು ನನ್ನನ್ನು ಮೊದಲು ಕೇಳಿದ ಪ್ರಶ್ನೆ ಏನು ಓದಿದ್ದೀರಿ ಎಂದಲ್ಲ, ಎಷ್ಟು ದಿನ ಇರುತ್ತೀರಿ ಎಂದು. ಅನುಭವಸ್ಥರ ಪ್ರಶ್ನೆ ಅದು, ನನಗೆ ಅದರಿಂದ ಬೇಸರವಾಗಲಿಲ್ಲ.

ದುಡ್ಡು ಕೊಟ್ಟರೆ ಎಲ್ಲ ಸರಿಹೋಗುತ್ತದೆಂದು ಹೇಳುವವರಿದ್ದಾರೆ, ದುಡ್ಡಿನಿಂದ ಏನೂ ಆಗದೆಂದು ಹೇಳುವವರೂ ಇದ್ದಾರೆ. ಇಬ್ಬರೂ ಗಾಂಬಿಯಾ ದೇಶದ ಅನುಭವವನ್ನು ನೋಡಬೇಕು. 2006ರಲ್ಲಿ ಅಲ್ಲಿನ ಸರ್ಕಾರ ಮುಖ್ಯರಸ್ತೆಯಿಂದ ದೂರವಿರುವ ಪ್ರಾಥಮಿಕ ಶಾಲೆಗಳ ಶಿಕ್ಷಕರಿಗೆ ಮೂಲವೇತನದ ಶೇ. 30ರಿಂದ 40ರಷ್ಟು ಕಷ್ಟಭತ್ಯೆಯನ್ನು ಜಾರಿಗೆ ತಂದಿತು. ಅರ್ಹ ಶಿಕ್ಷಕರ ಪ್ರಮಾಣ ಆ ಶಾಲೆಗಳಲ್ಲಿ ಏರಿತು ಎಂದು ನಂತರದ ಅಧ್ಯಯನಗಳು ಕಂಡುಕೊಂಡವು. ಮಕ್ಕಳ ಸರಾಸರಿ ಅಂಕಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ನಾನು ಇದನ್ನು ಹೀಗೆ ಓದುತ್ತೇನೆ: ಭತ್ಯೆ ಶಿಕ್ಷಕರನ್ನು ಊರಿನ ತನಕ ಕರೆತರುತ್ತದೆ, ಊರಿಗೆ ಬಂದ ಮೇಲಿನ ಕೆಲಸವನ್ನು ಭತ್ಯೆ ಮಾಡಲಾರದು. ಜಪಾನು ಈ ವಿಚಾರದಲ್ಲಿ ಇನ್ನಷ್ಟು ಯೋಚಿಸಿದೆ. 1954ರಲ್ಲಿ ಅದು ದೂರದ ಪ್ರದೇಶಗಳ ಶಿಕ್ಷಣಕ್ಕಾಗಿಯೇ ಒಂದು ಕಾನೂನು ಮಾಡಿತು. ರೈಲುನಿಲ್ದಾಣ, ಬಸ್ಸು, ಆಸ್ಪತ್ರೆ, ಅಂಚೆ ಕಚೇರಿಗಳಿಂದ ಶಾಲೆ ಎಷ್ಟು ದೂರವಿದೆ ಎಂಬುದನ್ನು ಅಂಕಗಳ ಮೂಲಕ ಅಳೆದು ಶಾಲೆಗಳನ್ನು ದರ್ಜೆಗಳಾಗಿ ವಿಂಗಡಿಸಿ, ಆ ದರ್ಜೆಗೆ ತಕ್ಕಂತೆ ಸಂಬಳದ ಶೇ. 25ರವರೆಗೆ ಭತ್ಯೆ ಕೊಡುತ್ತಾರೆ. ವರ್ಗಾವಣೆಯ ಕಾರಣಕ್ಕೆ ವಾಸವನ್ನೇ ಬದಲಿಸಿದವರಿಗೆ ಮೊದಲ ಕೆಲವು ವರ್ಷ ಬೇರೆಯದೇ ಭತ್ಯೆಯಿದೆ. ಅದಕ್ಕಿಂತ ಮುಖ್ಯವಾದದ್ದು, ಶಿಕ್ಷಕರ ವಸತಿಯನ್ನು ಕಟ್ಟಿಸುವುದು ಸ್ಥಳೀಯ ಆಡಳಿತದ ಕರ್ತವ್ಯಗಳಲ್ಲಿ ಒಂದೆಂದೂ, ಅಂಥ ಶಾಲೆಗಳಿಗೆ ತಕ್ಕ ಶಿಕ್ಷಕರನ್ನು ತಯಾರು ಮಾಡುವುದು ಪ್ರಾಂತ್ಯದ ಕರ್ತವ್ಯವೆಂದೂ ಅದೇ ಕಾನೂನು ಹೇಳುತ್ತದೆ. ಯಾರು ಏನು ಮಾಡಬೇಕೆಂಬುದು ಅಲ್ಲಿ ಬರೆದಿಟ್ಟ ಮಾತು, ಯಾರದೋ ಔದಾರ್ಯಕ್ಕೆ ಬಿಟ್ಟದ್ದಲ್ಲ.

ಒಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ, ಕ್ಷಮೆಯಿರಲಿ. ಶಿಸ್ತುಕ್ರಮದ ಭಾಗವಾಗಿ ಶಿಕ್ಷಕರನ್ನು ಹಳ್ಳಿಗೆ ಎತ್ತಂಗಡಿ ಮಾಡುವ ಪದ್ಧತಿಯನ್ನು ನೀವು ಕೈಬಿಡಬೇಕು. ನೀರಿಲ್ಲದ ಜಾಗಕ್ಕೆ ವರ್ಗ ಮಾಡಿಸುತ್ತೇನೆ ಎಂಬ ಬೆದರಿಕೆಯನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಆ ಬೆದರಿಕೆಯಲ್ಲಿ ಶಿಕ್ಷಕರಿಗಿಂತ ಹೆಚ್ಚಿನ ಅವಮಾನ ಆ ಊರಿನದು. ನಗರದ ಮಕ್ಕಳಿಗೆ ಪಾಠ ಮಾಡಲು ಯೋಗ್ಯರಲ್ಲವೆಂದು ನೀವೇ ತೀರ್ಮಾನಿಸಿದವರು ರೈತರ ಮಕ್ಕಳಿಗೆ ಹೇಗೆ ಯೋಗ್ಯರಾದರು? ಶಿಕ್ಷೆಯೆಂದು ಬಂದವರು ಆ ಊರನ್ನು ಶಿಕ್ಷೆಯಂತೆಯೇ ಕಾಣುತ್ತಾರೆ, ಊರಿನವರು ಅವರನ್ನು ಮೊದಲ ದಿನವೇ ಗುರುತಿಸುತ್ತಾರೆ, ನಂತರ ಮನಸ್ಸಿಟ್ಟು ಬಂದವರನ್ನೂ ಅದೇ ಅನುಮಾನದಿಂದ ನೋಡುತ್ತಾರೆ. ನಾನು ಇಲ್ಲಿಗೆ ಬಂದ ಹೊಸತರಲ್ಲಿ, ನೀವೇನು ತಪ್ಪು ಮಾಡಿದಿರಿ ಎಂದು ಅತ್ಯಂತ ಕಾಳಜಿಯಿಂದ ವಿಚಾರಿಸಿದ ಹಿರಿಯರೊಬ್ಬರು ಈಗಲೂ ನನ್ನ ಉತ್ತರವನ್ನು ಪೂರ್ತಿಯಾಗಿ ನಂಬಿದಂತೆ ಕಾಣುವುದಿಲ್ಲ.

ನಿಮ್ಮ ಕಡೆಯ ಮಾತನ್ನೂ ನಾನು ಊಹಿಸಬಲ್ಲೆ. ಭತ್ಯೆ ಪಡೆದು ನಗರದಲ್ಲಿಯೇ ಮನೆ ಮಾಡಿಕೊಂಡಿರುವವರಿದ್ದಾರೆ ಎನ್ನುತ್ತೀರಿ. ಇದ್ದಾರೆ, ನಾನು ಅವರ ಪರವಾಗಿ ವಾದಿಸುವುದಿಲ್ಲ. ಆದರೆ ವಾಸಯೋಗ್ಯ ಮನೆಯನ್ನು ತೋರಿಸದ ಇಲಾಖೆಗೆ ಊರಿನಲ್ಲಿ ವಾಸವಿಲ್ಲವೇಕೆ ಎಂದು ಕೇಳುವ ನೈತಿಕ ಬಲ ಇರುವುದಿಲ್ಲ; ಮನೆ ಕೊಟ್ಟ ಮೇಲೆ ಕಟ್ಟುನಿಟ್ಟಾಗಿ ಕೇಳಿ, ನಾವು ನಿಮ್ಮ ಜೊತೆಗಿರುತ್ತೇವೆ. ಶಿಕ್ಷಕರೇ ಸಿಗುತ್ತಿಲ್ಲವೆಂದು ಹೇಳುತ್ತೀರಿ. ಅದೂ ನಿಜ: 2030ರ ಹೊತ್ತಿಗೆ ಪ್ರಾಥಮಿಕ ಮತ್ತು ಪ್ರೌಢ ಹಂತದ ಶಿಕ್ಷಣ ಎಲ್ಲ ಮಕ್ಕಳಿಗೂ ದೊರೆಯಬೇಕಾದರೆ ಜಗತ್ತಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕೆಂದು ಯುನೆಸ್ಕೊ ಅಂದಾಜು ಮಾಡಿದೆ. ಆ ಲೆಕ್ಕದಲ್ಲಿ ಹೊಸ ಮಕ್ಕಳಿಗಾಗಿ ಬೇಕಾದವರಿಗಿಂತ ವೃತ್ತಿ ಬಿಟ್ಟುಹೋಗುವವರ ಜಾಗ ತುಂಬಲು ಬೇಕಾದವರೇ ಹೆಚ್ಚು ಎಂಬುದನ್ನು ದಯವಿಟ್ಟು ಗಮನಿಸಿ. ಇರುವವರನ್ನು ಉಳಿಸಿಕೊಳ್ಳುವುದು ಹೊಸಬರನ್ನು ಹುಡುಕುವುದಕ್ಕಿಂತ ಅಗ್ಗದ ಕೆಲಸವೂ ಹೌದು.

ಆದ್ದರಿಂದ ನನ್ನ ಕೋರಿಕೆಗಳು ಇವು. ಸ್ಥಳನಿಯುಕ್ತಿಯ ಆದೇಶ ಶೈಕ್ಷಣಿಕ ವರ್ಷ ಆರಂಭವಾಗುವುದಕ್ಕೆ ಸಾಕಷ್ಟು ಮುಂಚೆಯೇ ಕೈ ಸೇರಲಿ. ಅದರೊಡನೆ ಶಾಲೆ, ತರಗತಿ, ವಿಷಯ, ವಸತಿ, ಆಸ್ಪತ್ರೆ, ಸಂಚಾರದ ವಿವರಗಳಿರುವ ಒಂದು ಹಾಳೆಯನ್ನು ಮುಖ್ಯೋಪಾಧ್ಯಾಯರಿಂದ ಬರೆಸಿ ಲಗತ್ತಿಸಲಿ. ಇದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ. ಹೋಗುವ ಶಿಕ್ಷಕರು ಬರುವ ಶಿಕ್ಷಕರೊಡನೆ ಕನಿಷ್ಠ ಒಂದು ವಾರ ಜೊತೆಯಾಗಿ ತರಗತಿಯಲ್ಲಿರಲಿ, ಹಾಗೂ ಪ್ರಭಾರದ ಪಟ್ಟಿಯಲ್ಲಿ ಪ್ರತಿಯೊಂದು ಮಗುವಿಗೂ ಒಂದು ಸಾಲು ಇರಲಿ. ಶೈಕ್ಷಣಿಕ ವರ್ಷದ ನಡುವೆ ಯಾರನ್ನೂ ಬಿಡುಗಡೆ ಮಾಡದಿರಲಿ. ಮೊದಲ ವರ್ಷದವರಿಗೆ ವರದಿ, ಸಮೀಕ್ಷೆಗಳ ಹೊರೆಯಿಂದ ವಿನಾಯಿತಿ ಸಿಗಲಿ, ಅದೇ ಊರಿನಲ್ಲಿಯೋ ನೆರೆಯ ಶಾಲೆಯಲ್ಲಿಯೋ ಬಹುಕಾಲದಿಂದ ಇರುವ ಒಬ್ಬ ಶಿಕ್ಷಕರನ್ನು ಅವರ ಮಾರ್ಗದರ್ಶಿಯನ್ನಾಗಿ ಗೊತ್ತುಮಾಡಿ ಆ ಕೆಲಸಕ್ಕೆ ಅವರಿಗೆ ಸಮಯವನ್ನೂ ಗೌರವಧನವನ್ನೂ ಕೊಡಲಿ. ವಸತಿಗೆ ಹಣ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಎಲ್ಲ ಕಡೆ ಒಮ್ಮೆಗೇ ಸಾಧ್ಯವಾಗದಿದ್ದರೆ ಶಿಕ್ಷಕರು ಅತಿ ಹೆಚ್ಚು ಬಾರಿ ಬದಲಾಗಿರುವ ಶಾಲೆಗಳಿಂದ ಆರಂಭವಾಗಲಿ, ಹಾಗೆ ಆರಂಭಿಸಬೇಕಾದರೆ ಆ ಶಾಲೆಗಳು ಯಾವುವೆಂದು ನೀವು ಮೊದಲು ಎಣಿಸಬೇಕಾಗುತ್ತದೆ, ಆ ಎಣಿಕೆಯೇ ಅರ್ಧ ಪ್ರಯೋಜನ. ಉಳಿದವರಿಗೆ, ಅಂದರೆ ಮೂರು, ಐದು, ಎಂಟು ವರ್ಷ ಒಂದೇ ಊರಿನಲ್ಲಿ ನಿಂತವರಿಗೆ, ಬಡ್ತಿಯಲ್ಲಿಯೂ ಉನ್ನತ ಅಧ್ಯಯನದ ರಜೆಯಲ್ಲಿಯೂ ಆದ್ಯತೆ ಇರಲಿ. ಈಗಿರುವ ಏರ್ಪಾಡಿನಲ್ಲಿ ಬಿಟ್ಟು ಹೋದವರಿಗೇ ಎಲ್ಲ ಅವಕಾಶಗಳೂ ಹತ್ತಿರವಾಗುತ್ತವೆ, ನಿಂತವರು ಕಡತದಲ್ಲಿ ಮರೆತುಹೋಗುತ್ತಾರೆ. ಕ್ಯಾಲೆಂಡರಿನ ಬಗ್ಗೆ ಮೇಲೆಯೇ ಬರೆದಿದ್ದೇನೆ. ಶಿಕ್ಷೆಯ ವರ್ಗಾವಣೆಯನ್ನು ಲಿಖಿತ ಸುತ್ತೋಲೆಯ ಮೂಲಕವೇ ನಿಷೇಧಿಸಬೇಕು, ಬಾಯಿಮಾತಿನ ಭರವಸೆ ಸಾಲದು.

ಇವುಗಳಲ್ಲಿ ಯಾವುದನ್ನು ಮುಂದಿನ ಸ್ಥಳನಿಯುಕ್ತಿಗೆ ಮೊದಲು ಜಾರಿಗೆ ತರುವಿರಿ, ಯಾವುದನ್ನು ತರಲಾಗದು ಮತ್ತು ಏಕೆ ತರಲಾಗದು ಎಂಬುದನ್ನು ಸಾರ್ವಜನಿಕವಾಗಿಯೇ ತಿಳಿಸಬೇಕೆಂದು ಕೋರುತ್ತೇನೆ. ನಮ್ಮ ಶಾಲೆಯಲ್ಲಿ ವಿಜ್ಞಾನದ ಹುದ್ದೆ ಮತ್ತೆ ಖಾಲಿಯಾಗಿದೆ. ಆ ಜಾಗಕ್ಕೆ ಬರುವವರು ಯಾರೆಂದು ಗೊತ್ತಾದ ದಿನವೇ ಅವರ ದೂರವಾಣಿ ಸಂಖ್ಯೆಯನ್ನು ಶಾಲೆಗೆ ಕಳುಹಿಸಿಕೊಟ್ಟರೆ, ಮನೆ ಹುಡುಕುವ ಕೆಲಸವನ್ನು ನಾವು ಅಂದೇ ಆರಂಭಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕೃಷಿ ಪಟ್ಟಣವೊಂದರ ಶಾಲಾ ಶಿಕ್ಷಕಿ